ಮಗಳ ಓಟ, ತಾಯಿಯ ಲೆಕ್ಕ

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬ ಗಾದೆಯನ್ನು ನಾವೆಲ್ಲ ಎಷ್ಟು ಸಲ ಕೇಳಿಲ್ಲ! ಹೆಣ್ಣು ನೋಡಲು ಬಂದವರು ಹೇಳುತ್ತಾರೆ, ಸೊಸೆ ಸಾರಿಗೆ ಉಪ್ಪು ಹೆಚ್ಚು ಹಾಕಿದ ದಿನ ಅತ್ತೆಯಾದವಳೂ ಹೇಳುತ್ತಾಳೆ. ಮೆಚ್ಚುವುದಕ್ಕೂ ಮೂದಲಿಸುವುದಕ್ಕೂ ಒದಗುವ ಮಾತು ಅದು. ನನ್ನ ಪಾಲಿಗೆ ಮಾತ್ರ ಅದು ಆಸ್ಪತ್ರೆಯ ವರದಿಯಾಗಿ ಬಂತು.

ನನ್ನ ಮಗಳಿಗೆ ಈಗ 15 ವರ್ಷ. ಹತ್ತನೆಯ ತರಗತಿ. ಅವಳಿಗೆ ಖೋ-ಖೋ ಎಂದರೆ ಪ್ರಾಣ. ಅವಳಿಗೆ ಮೈಟೋಕಾಂಡ್ರಿಯದ ಕಾಯಿಲೆಯೂ ಇದೆ. ಈ ಎರಡೂ ಒಂದೇ ಮೈಯಲ್ಲಿ, ಒಂದೇ ಮನೆಯಲ್ಲಿ ಇರಬೇಕಾಗಿ ಬಂದಾಗ ತಾಯಿಯಾದವಳು ಏನು ಮಾಡಬೇಕು ಎಂಬುದೇ ನಾಲ್ಕು ವರ್ಷಗಳಿಂದ ನನ್ನ ತಲೆ ತಿನ್ನುತ್ತಿರುವ ಪ್ರಶ್ನೆ.

ಹೆಡತಲೆ ಎಂದರೆ ನಿಮ್ಮಲ್ಲಿ ಕೆಲವರಿಗೆ ಲಕ್ಷ್ಮೀಕಾಂತಸ್ವಾಮಿಯ ದೇವಸ್ಥಾನ ನೆನಪಾಗಬಹುದು. ನಂಜನಗೂಡಿಗೆ ಬಂದವರು ನಂಜುಂಡೇಶ್ವರನ ದರ್ಶನ ಮುಗಿಸಿ ಹಾಗೇ ಬಸ್ಸು ಹತ್ತಿಬಿಡುತ್ತಾರೆ. ಹೊಯ್ಸಳರ ಶೈಲಿಯ ಈ ಮೂರು ಗರ್ಭಗುಡಿಯ ದೇವಾಲಯದ ತನಕ ಬರುವವರು ಕಡಿಮೆ. ಆ ಊರಿನಲ್ಲಿ ನಮ್ಮ ಮನೆ, ಸ್ವಲ್ಪ ಗದ್ದೆ, ಎರಡು ಹಸು. ಮಗಳು ಚಿಕ್ಕವಳಾಗಿದ್ದಾಗಿನಿಂದ ನಡೆದದ್ದನ್ನು ನಾನು ಕಾಣೆ, ಅವಳದು ಓಟವೇ. ಒಂಬತ್ತು ಹತ್ತು ವರ್ಷವಾದಾಗ ಓಡಿ ಬಂದವಳು ಮೀನಖಂಡ ಹಿಡಿದುಕೊಂಡು ಅಳುವುದು ಶುರುವಾಯಿತು. ತಲೆನೋವು ಬರುತ್ತಿತ್ತು, ಹಿಂದೆಯೇ ವಾಂತಿ. ಬೆಳಿಗ್ಗೆ ಎದ್ದರೆ ಬಸ್ಸಿನ ಮೆಟ್ಟಿಲು ಹತ್ತಲು ನನ್ನ ಕೈ ಬೇಕು, ಸಂಜೆ ನೋಡಿದರೆ ಮತ್ತೆ ಬಯಲಿನಲ್ಲಿ. ಒಬ್ಬ ಡಾಕ್ಟರು ಇದು ಶಾಲೆ ತಪ್ಪಿಸುವ ನೆಪ ಎಂದರು. ಅವರನ್ನು ಅಂದು ಏನು ಪ್ರಯೋಜನ? ಓಡುವ ಮಗುವನ್ನು ನೋಡಿ ಕಾಯಿಲೆ ಎಂದು ಯಾರು ತಾನೇ ನಂಬುತ್ತಾರೆ?

ಮೈಸೂರಿನಲ್ಲಿ ಇನ್ನೊಬ್ಬರು ನೋಡಿದರು. ಮಗುವಿನ ವಿಷಯವನ್ನೆಲ್ಲ ಕೇಳಿ ಆದಮೇಲೆ ನನ್ನ ಕಿವಿಯಲ್ಲಿದ್ದ ಯಂತ್ರವನ್ನೇ ನೋಡುತ್ತಾ, "ನಿಮ್ಮ ತಾಯಿಯವರಿಗೆ ಕಿವಿ ಚೆನ್ನಾಗಿ ಕೇಳಿಸುತ್ತಿತ್ತಾ?" ಎಂದರು. ನನಗೆ ಆಶ್ಚರ್ಯ. ಅವ್ವನಿಗೆ ನಲವತ್ತು ದಾಟುವ ಹೊತ್ತಿಗೆ ಕಿವಿ ಮಂದವಾಗಿತ್ತು, ಸಕ್ಕರೆ ಕಾಯಿಲೆಯೂ ಬಂದಿತ್ತು. ನನಗೆ ಮೂವತ್ತೈದಕ್ಕೇ ಎರಡೂ ಬಂದವು. ಅವ್ವನದು ಅವ್ವನ ಹಣೆಬರಹ, ನನ್ನದು ನನ್ನ ಹಣೆಬರಹ ಎಂದುಕೊಂಡಿದ್ದೆವೇ ಹೊರತು ಮಗಳ ಕಾಲುನೋವಿಗೂ ಇದಕ್ಕೂ ನಂಟು ಹಾಕುವ ಬುದ್ಧಿ ಯಾರಿಗೆ ಬರಬೇಕು? ಅವರು ಬೆಂಗಳೂರಿನ ನಿಮ್ಹಾನ್ಸ್‌ಗೆ ಕಾಗದ ಬರೆದುಕೊಟ್ಟರು. ಅಲ್ಲಿ ರಕ್ತ, ಮೂತ್ರ ಎರಡನ್ನೂ ಪರೀಕ್ಷೆ ಮಾಡಿ ಹೆಸರು ಹೇಳಿದರು.

ನನಗೆ ಅರ್ಥವಾದಷ್ಟು ಹೇಳುತ್ತೇನೆ. ನಮ್ಮ ಮೈಯ ಬಹುಪಾಲು ಜೀವಕೋಶಗಳ ಒಳಗೆ ಸಣ್ಣ ಸಣ್ಣ ಒಲೆಗಳಂಥವು ಇವೆ, ಅವೇ ಮೈಟೋಕಾಂಡ್ರಿಯಗಳು. ಉಂಡ ಅನ್ನವನ್ನೂ ಉಸಿರಾಡಿದ ಗಾಳಿಯನ್ನೂ ಸೇರಿಸಿ ಮೈಗೆ ಬೇಕಾದ ಶಕ್ತಿಯನ್ನು ಬಹುಪಾಲು ಮಾಡಿಕೊಡುವುದು ಅವೇ. ಈ ಒಲೆಗೆ ತನ್ನದೇ ಆದ ಪುಟ್ಟ ವಂಶವಾಹಿ ಸುರುಳಿ ಇದೆ. ಅದರಲ್ಲಿ 16,569 ಅಕ್ಷರಗಳು. ನಮ್ಮ ಮನೆತನದಲ್ಲಿ 3,243ನೆಯ ಅಕ್ಷರ ಒಂದು ಬದಲಾಗಿದೆ, ಅಷ್ಟೇ. ಈ ಒಂದಕ್ಷರದಿಂದ ಕಾಯಿಲೆ ಬರುತ್ತದೆಂದು 1990ರಲ್ಲಿ ಜಪಾನಿನವರು ಕಂಡುಕೊಂಡರಂತೆ. ಇದೇ ಅಕ್ಷರ ಹಾಲೆಂಡಿನ ಒಂದು ಕುಟುಂಬದಲ್ಲಿ ತಾಯಿಯಿಂದ ಮಕ್ಕಳಿಗೆ ಕಿವುಡನ್ನೂ ಸಕ್ಕರೆ ಕಾಯಿಲೆಯನ್ನೂ ತಂದಿದ್ದು 1992ರಲ್ಲಿ ಗೊತ್ತಾಯಿತು. ಆ ಹೊತ್ತಿಗೆ ಅವ್ವ ನಮ್ಮ ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಾ, ಕೂಗಿದರೆ ಕೇಳಿಸಲಿಲ್ಲವೆಂದು ಬೈಸಿಕೊಳ್ಳುತ್ತಿದ್ದಳು.

ಒಂದೇ ದೋಷ ನನಗೆ ಹಗುರವಾಗಿ, ಮಗಳಿಗೆ ಭಾರವಾಗಿ ಏಕೆ ಬಂತು? ಇದನ್ನು ಭತ್ತದ ಲೆಕ್ಕದಲ್ಲಿ ಯೋಚಿಸಿದಾಗ ನನಗೆ ತಿಳಿಯಿತು. ಒಂದು ಮೂಟೆಯಲ್ಲಿ ಗಟ್ಟಿ ಕಾಳೂ ಜೊಳ್ಳೂ ಬೆರೆತಿವೆ ಎನ್ನಿ. ಕಣ್ಣು ಮುಚ್ಚಿ ಒಂದು ಹಿಡಿ ತೆಗೆದರೆ ಒಂದು ಸಲ ಜೊಳ್ಳು ಕಡಿಮೆ ಬರುತ್ತದೆ, ಇನ್ನೊಂದು ಸಲ ಹೆಚ್ಚು ಬರುತ್ತದೆ. ತಾಯಿಯ ಅಂಡಗಳೂ ಹಾಗೆಯೇ. ಒಂದೊಂದರಲ್ಲಿ ಒಂದೊಂದು ಹಿಡಿ. ಭತ್ತವಾದರೆ ಮೊರದಲ್ಲಿ ಹಾಕಿ ಕೇರಬಹುದಿತ್ತು.

ಈ ಸುರುಳಿ ಮಕ್ಕಳಿಗೆ ಬರುವುದು ತಾಯಿಯಿಂದ. ಮೈಟೋಕಾಂಡ್ರಿಯದ ಕಾಯಿಲೆಗಳೆಲ್ಲ ಹೀಗೆಂದು ತಿಳಿಯಬೇಡಿ, ಅಪ್ಪ ಅಮ್ಮ ಇಬ್ಬರ ವಂಶವಾಹಿಗಳೂ ಸೇರಿ ಬರುವಂಥವು ಬೇಕಾದಷ್ಟಿವೆ. ನಮ್ಮದು ಮಾತ್ರ ತಾಯಿಯ ದಾರಿಯದು. ಅತ್ತೆಗೆ ಇದನ್ನು ಹೇಳಿದಾಗ ಅವರು, "ಅದಕ್ಕೇ ಕಣವ್ವ, ನಮ್ಮ ಕಡೆ ಯಾರ್ಗೂ ಇಲ್ಲ" ಎಂದರು. ಕೊಂಕೇನೂ ಇರಲಿಲ್ಲ, ನಿಜವನ್ನೇ ಹೇಳಿದರು. ಆದರೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಾರಣ ಬೇರೆ, ತಪ್ಪು ಬೇರೆ ಎಂಬುದನ್ನು ನಮ್ಮ ಭಾಷೆಯಲ್ಲಿ ಹೇಳುವುದು ಸುಲಭ. ಹೊಟ್ಟೆಯಲ್ಲಿ ಹೊತ್ತವಳ ಮನಸ್ಸು ಆ ಎರಡನ್ನೂ ಒಂದೇ ಗೂಟಕ್ಕೆ ಕಟ್ಟಿಹಾಕುತ್ತದೆ. ಬಿಳಿ ಮೈ ಕೊಟ್ಟವಳು, ಉದ್ದ ಜಡೆ ಕೊಟ್ಟವಳು ಎಂದು ಯಾರೂ ನನಗೆ ಹಾರ ಹಾಕಲಿಲ್ಲ. ಹಾಗಿದ್ದಮೇಲೆ ಇದಕ್ಕೇಕೆ ದಂಡ ಕಟ್ಟಲಿ? ಹೀಗೆ ನನಗೆ ನಾನೇ ವಾದ ಮಾಡಿಕೊಂಡು ಒಂದು ದಡ ಸೇರಿದ್ದೇನೆ ಎನ್ನಿ.

ಈಗ ಓಟದ ವಿಷಯಕ್ಕೆ ಬರುತ್ತೇನೆ. ಈ ಕಾಯಿಲೆಯನ್ನು ಗುಣಮಾಡುವ ಔಷಧಿ ಇಲ್ಲ. ಕೆಲವು ವಿಟಮಿನ್ನುಗಳನ್ನು ಕೊಡುತ್ತಾರೆ. ನಾನು ಸಕ್ಕರೆಗೆ ನುಂಗುತ್ತಿದ್ದ ಮೆಟ್‌ಫಾರ್ಮಿನ್ ಇಂಥವರಿಗೆ ಸಲ್ಲದೆಂದು ನನ್ನ ಮಾತ್ರೆಯನ್ನೇ ಬದಲಿಸಿದರು. ಮಗಳಿಗೆ ಹೇಳಿದ ಪಥ್ಯ ಹೀಗೆ: ಹಸಿದುಕೊಂಡು ಇರಬಾರದು, ಜ್ವರ ಬಂದರೆ ತಡಮಾಡಬಾರದು, ನೀರು ಬಿಡಬಾರದು, ವರ್ಷಕ್ಕೊಮ್ಮೆ ಹೃದಯ ತೋರಿಸಬೇಕು. ಶಿವರಾತ್ರಿಯ ಉಪವಾಸ ನಿಂತುಹೋಯಿತು. ಅತ್ತೆ ಬೇಸರಪಡುತ್ತಾರೇನೋ ಎಂದುಕೊಂಡೆ, ಅವರೇ ಬೆಳಿಗ್ಗೆ ಎದ್ದು ಮೊಮ್ಮಗಳಿಗೆ ಉಪ್ಪಿಟ್ಟು ಮಾಡಿಟ್ಟಿದ್ದರು. ಆಟಕ್ಕೆ ಹೋಗುವ ಮುನ್ನ ಬಾಳೆಹಣ್ಣು ಕೊಡುತ್ತೇನೆ. ನಂಜನಗೂಡು ರಸಬಾಳೆ ನಂಜನಗೂಡಿನವರಿಗೇ ಅಪರೂಪವಾಗಿರುವ ಕಾಲ, ಏಲಕ್ಕಿ ಬಾಳೆಯೇ ಗತಿ.

ಆಟ ಬೇಡ ಎನ್ನುತ್ತಾರೆಂದು ನಾನು ಕಾದಿದ್ದೆ. ಅವರು ಹಾಗೆ ಹೇಳಲಿಲ್ಲ. ಹಿಂದೆ ಇಂಥ ರೋಗಿಗಳಿಗೆ ಬರೀ ವಿಶ್ರಾಂತಿ ಹೇಳುತ್ತಿದ್ದರಂತೆ. ಕೂತವರ ಸ್ನಾಯು ಇನ್ನೂ ಸೊರಗುತ್ತದೆ, ಮಿತವಾಗಿ ದಿನವೂ ಮೈ ಆಡಿಸುವವರು ಮೇಲು ಎಂಬುದು ಈಗಿನ ತಿಳುವಳಿಕೆ. ಆಡಲಿ, ಆದರೆ ಸುಸ್ತಾಗುವ ಮೊದಲೇ ನಿಲ್ಲಲಿ ಎಂದರು. ಒಳ್ಳೆಯ ಮಾತು! ಸುಸ್ತಾಗುವ ಮೊದಲಿನ ಕ್ಷಣ ಯಾವುದೆಂದು ಯಾರಿಗೆ ಗೊತ್ತು? ಅದು ಅವಳ ಮೈಯೊಳಗೆ ಇದೆ. ಹೊರಗೆ ನಿಂತ ನನಗೆ ಕಾಣುವುದು ಕೆಂಪಾದ ಮುಖ ಮಾತ್ರ.

"ಕೂರಿಸಿಬಿಡು, ಹೆಣ್ಣುಮಗು, ಓಡಿ ಏನಾಗಬೇಕು?" ಎಂದರು ನಮ್ಮ ಚಿಕ್ಕಮ್ಮ. ಅವರ ಪ್ರೀತಿಯಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ಮಾತು ಕೇಳಿದ ಮೇಲೆ ನನ್ನ ಹೆದರಿಕೆಯನ್ನೇ ನಾನು ತಿರುಗಿಸಿ ನೋಡಬೇಕಾಯಿತು. ಕಾಯಿಲೆ ಇಲ್ಲದ ಹೆಣ್ಣುಮಕ್ಕಳನ್ನೂ ದೊಡ್ಡವರಾದರೆಂದು ಬಯಲಿನಿಂದ ಒಳಗೆ ಕರೆದುಕೊಂಡ ಊರುಗಳು ನಮ್ಮವು. ನಾನೂ ಹಾಗೆ ಒಳಗೆ ಬಂದವಳೇ, ನನ್ನ ಕುಂಟೆಬಿಲ್ಲೆ ಅಲ್ಲಿಗೇ ಮುಗಿಯಿತು. ಹಾಗಾದರೆ ನನ್ನ 'ಬೇಡ'ದಲ್ಲಿ ಡಾಕ್ಟರ ಮಾತು ಎಷ್ಟು, ಆ ಹಳೆಯ ಅಭ್ಯಾಸ ಎಷ್ಟು? ಇವಳು ಹುಡುಗನಾಗಿದ್ದರೆ ಚಿಕ್ಕಮ್ಮ ಏನೆನ್ನುತ್ತಿದ್ದರು, ನಾನು ಏನೆನ್ನುತ್ತಿದ್ದೆ? ಈ ಪ್ರಶ್ನೆಗೆ ನಿಮ್ಮ ಮನೆಯಲ್ಲಿ ಯಾವ ಉತ್ತರ ಬರುತ್ತದೋ ನಾನು ಕಾಣೆ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ನಡೆಯಿತು. ನಮ್ಮ ಹೆಣ್ಣುಮಕ್ಕಳು ಕೊನೆಯ ಪಂದ್ಯದಲ್ಲಿ ನೇಪಾಳವನ್ನು 78-40ರಿಂದ ಸೋಲಿಸಿದರು. ಆ ತಂಡದಲ್ಲಿದ್ದ ಬಿ. ಚೈತ್ರಾ ಪಕ್ಕದ ತಿರುಮಕೂಡಲು ನರಸೀಪುರ ತಾಲ್ಲೂಕಿನ ಕುರುಬೂರಿನವಳು. ಹಳ್ಳಿಯ ಮಣ್ಣಿನಲ್ಲಿ ಆಡಿ ಬೆಳೆದವಳು. ಆ ರಾತ್ರಿ ನಮ್ಮ ಮನೆಯ ಟೀವಿಯ ಮುಂದೆ ನಡೆದ ಕುಣಿತವನ್ನು ನೋಡಿದ ಮೇಲೆ ಕೂರಿಸಿಬಿಡುವ ಮಾತನ್ನು ಯಾವ ಬಾಯಿಂದ ಆಡಲಿ?

ಖೋ-ಖೋ ಆಟವನ್ನು ನಾನು ಸರಿಯಾಗಿ ನೋಡಿದ್ದು ಆಮೇಲೆಯೇ. ಎಂಟು ಜನ ಸಾಲಾಗಿ ಕುಕ್ಕರುಗಾಲಲ್ಲಿ ಕೂತಿರುತ್ತಾರೆ, ಒಂಬತ್ತನೆಯವಳು ಅಟ್ಟಿಸಿಕೊಂಡು ಓಡುತ್ತಾಳೆ. ದಣಿದಾಗ ಕೂತವಳ ಬೆನ್ನು ಮುಟ್ಟಿ 'ಖೋ' ಎಂದರೆ ಅವಳು ಎದ್ದು ಓಡುತ್ತಾಳೆ, ಇವಳು ಆ ಜಾಗದಲ್ಲಿ ಕೂರುತ್ತಾಳೆ. ಕೂರುವುದೂ ಆಟದೊಳಗೇ ಇದೆ, ಕೂತವಳನ್ನು ಯಾರೂ ಸೋಮಾರಿ ಎನ್ನುವುದಿಲ್ಲ. ತಪ್ಪಿಸಿಕೊಂಡು ಓಡುವವರಿಗೆ ಮಾತ್ರ ಈ ಅನುಕೂಲ ಇಲ್ಲ, ಸಿಕ್ಕಿಬೀಳುವ ತನಕ ಓಡಲೇಬೇಕು. ನನ್ನ ಮಗಳು ಇದನ್ನು ನನಗಿಂತ ಮೊದಲೇ ಲೆಕ್ಕ ಹಾಕಿದ್ದಳು. ತಾನು ಅಟ್ಟುವ ಕಡೆಗೆ ಚುರುಕಾಗುತ್ತೇನೆ, ತಪ್ಪಿಸಿಕೊಳ್ಳುವ ಸರದಿಯಲ್ಲಿ ತನ್ನನ್ನು ಕೊನೆಗೆ ಇಳಿಸಿ ಎಂದು ಶಾಲೆಯಲ್ಲಿ ಮಾತಾಡಿಕೊಂಡು ಬಂದಿದ್ದಳು.

ಎಲ್ಲ ಇಷ್ಟು ಚೆನ್ನಾಗಿಯೇ ನಡೆಯಿತು ಎಂದರೆ ಸುಳ್ಳಾಗುತ್ತದೆ. ಒಂದು ಸಲ ಮೈಯಲ್ಲಿ ಜ್ವರವಿದ್ದುದನ್ನು ಮುಚ್ಚಿಟ್ಟು ಪಂದ್ಯಕ್ಕೆ ಹೋದಳು. ಸಂಜೆಗೆ ವಾಂತಿ, ರಾತ್ರಿ ಆಸ್ಪತ್ರೆ, ಎರಡು ದಿನ ಗ್ಲೂಕೋಸು. ಈ ಕಾಯಿಲೆಯವರಲ್ಲಿ ಕೆಲವರಿಗೆ ಚಿಕ್ಕ ವಯಸ್ಸಿಗೇ ಪಾರ್ಶ್ವವಾಯುವಿನಂಥ ಹೊಡೆತ ಬೀಳುವುದುಂಟು ಎಂದು ನನಗೆ ಗೊತ್ತು. ಆ ಎರಡು ರಾತ್ರಿ ಅವಳ ಎರಡೂ ಕೈಗಳನ್ನು ಹಿಡಿದು ಹಿಸುಕಿ ನೋಡುತ್ತಾ ಕೂತಿದ್ದೆ. ಇನ್ನು ಬಯಲು ತುಳಿದರೆ ನೋಡು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ, "ಜ್ವರ ಯಾಕೆ ಹೇಳ್ಲಿಲ್ಲ ಗೊತ್ತಾ ಅಮ್ಮ? ಹೇಳಿದ್ರೆ ನೀನು ಅವತ್ತೊಂದಿನ ಅಲ್ಲ, ಯಾವತ್ತೂ ಕಳಿಸ್ತಿರಲಿಲ್ಲ" ಎಂದಳು.

ನಾನು ಬಾಯಿ ಮುಚ್ಚಿದೆ. ಅವಳನ್ನು ಕಾಯುವುದಕ್ಕೆ ನನ್ನ ಹತ್ತಿರ ಇರುವ ಸಾಮಾನು ಒಂದೇ, ಅವಳು ಹೇಳುವ ನಿಜ. ಜ್ವರವೋ ನೋವೋ ಕಣ್ಣು ಮಂಜೋ, ಅವಳು ಹೇಳಿದರೆ ನನಗೆ ಗೊತ್ತು. ಆ ನಿಜವನ್ನೇ ಹಿಡಿದು ಅವಳಿಗೆ ಬೀಗ ಹಾಕಿದರೆ ಮುಂದಿನ ಸಲ ನಿಜ ಬರುವುದಿಲ್ಲ. ಆಗ ನನ್ನ ಕಾವಲು ಖಾಲಿ ಮನೆಗೆ ಕಾವಲು. ಅದಕ್ಕೇ ನಾವು ಒಂದು ಒಪ್ಪಂದಕ್ಕೆ ಬಂದೆವು. ಅವಳು ಇದ್ದದ್ದು ಇದ್ದಹಾಗೆ ಹೇಳಬೇಕು. ಅವಳು ಹೇಳಿದ ಮಾತಿನಿಂದ ಆ ದಿನದ ಆಟ ಮಾತ್ರ ಹೋಗಬಹುದು, ನಾಳೆಯ ಆಟ ಹೋಗಬಾರದು. ಜ್ವರದ ದಿನ ನನ್ನ ಮಾತೇ ಕೊನೆ, ಉಳಿದ ದಿನ ಅವಳದು.

ನಮ್ಮ ಯಜಮಾನರು ಇದನ್ನು ಪೂರ್ತಿ ಒಪ್ಪಿಲ್ಲ. "ಹದಿನೈದು ವರ್ಷದ ಹುಡುಗಿಗೆ ಏನು ತಿಳೀತದೆ? ನಾಳೆ ಬಿದ್ದರೆ ನೋಡಿಕೊಳ್ಳುವವರು ನಾವು ತಾನೆ?" ಎನ್ನುತ್ತಾರೆ. ಅದರಲ್ಲಿ ಸತ್ಯವಿದೆ. ಅವಳ ಓಟದ ಸಾಲವನ್ನು ತೀರಿಸುವುದರಲ್ಲಿ ನನ್ನ ನಿದ್ದೆಯೂ ಅವರ ಕೂಲಿಯೂ ಸೇರಿದೆ. ಆದರೆ ಬಲವನ್ನು ಅಂಚೆ ಕಚೇರಿಯ ಹಣದಂತೆ ಕೂಡಿಡಬಹುದು ಎಂಬ ಲೆಕ್ಕ ನನಗೆ ಸರಿ ಕಾಣುವುದಿಲ್ಲ. ಇಂದು ಓಡದೆ ಉಳಿಸಿದ್ದು ಅವಳಿಗೆ ಮೂವತ್ತು ವರ್ಷವಾದಾಗ ಬಡ್ಡಿ ಸಮೇತ ಸಿಗುತ್ತದೆಯೇ? ನನ್ನ ತಾಯಿ ಒಳ್ಳೆಯ ಸೀರೆಗಳನ್ನೆಲ್ಲ ಟ್ರಂಕಿನಲ್ಲಿಟ್ಟು ನುಸಿಗುಳಿಗೆ ಹಾಕಿ ಕಾಪಾಡಿದಳು. ಅವಳು ಹೋದಮೇಲೆ ತೆಗೆದರೆ ಮಡಿಕೆಯ ಗೆರೆಯಲ್ಲೇ ಹರಿದವು.

2025ರ ಜುಲೈನಲ್ಲಿ ಇನ್ನೊಂದು ಸುದ್ದಿ ಬಂತು. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಇಂಥ ತಾಯಂದಿರಿಗೆ ಎಂಟು ಮಕ್ಕಳು ಹುಟ್ಟಿವೆ. ತಾಯಿಯ ಅಂಡದ ತಿರುಳನ್ನು ತೆಗೆದು, ಇನ್ನೊಬ್ಬಳು ದಾನ ಕೊಟ್ಟ ಅಂಡದ ಒಳ್ಳೆಯ ಮೈಟೋಕಾಂಡ್ರಿಯಗಳ ಜೊತೆ ಕೂಡಿಸುವ ವಿಧಾನ ಅದು. ಅಲ್ಲಿ 2015ರಲ್ಲೇ ಅದಕ್ಕೆ ಕಾನೂನು ಮಾಡಿಕೊಂಡಿದ್ದಾರೆ. ಮಗಳೇ ಓದಿ ಹೇಳಿದಳು. ಜಗುಲಿಯ ಮೇಲೆ ಕೂತು ಅವರೆಕಾಯಿ ಸುಲಿಯುವ ಕಾಲ ಬಂದರೂ ಅದು ಅವಳ ತಲೆಯಿಂದ ಹೋಗಿರಲಿಲ್ಲ. "ಅಮ್ಮ, ಮೊದಲೇ ಗೊತ್ತಿದ್ದಿದ್ರೆ ನನ್ನ ಹೆರ್ತಿದ್ಯಾ?" ಎಂದಳು.

ಕೈಯಲ್ಲಿದ್ದ ಕಾಯಿ ಹಾಗೇ ಉಳಿಯಿತು. "ಗೊತ್ತಿದ್ದಿದ್ರೆ ಹೆದರ್ತಿದ್ದೆ" ಎಂದೆ.

"ಹೆದರಿ?"

"ಹೆದರಿ ಬೇಡ ಅಂದಿದ್ರೂ ಅಂದಿರಬಹುದು ಮಗ. ಆಗ ನೀನು ಯಾರು ಅಂತ ನಂಗೆ ಗೊತ್ತಿರಲಿಲ್ವಲ್ಲ."

ನಿಜ ಹೇಳಬೇಕೆಂಬ ಒಪ್ಪಂದ ಎರಡು ಕಡೆಗೂ ಸೇರಿದ್ದು ತಾನೆ? ಅವಳಿಗೆ ನೋವಾಯಿತೋ ಏನೋ, ಸ್ವಲ್ಪ ಹೊತ್ತು ಸುಮ್ಮನೆ ಕಾಳು ಬಿಡಿಸಿದಳು. ಆಮೇಲೆ, "ನನ್ನ ಮದುವೆ ಮಾತು ಬಂದಾಗ ಇದನ್ನ ನೀವ್ಯಾರೂ ಮುಚ್ಚಿಡಬಾರದು, ನಾನೇ ಹೇಳ್ತೀನಿ" ಎಂದಳು. ಒಳಗಿನಿಂದ ಅತ್ತೆ, "ಅದ್ಕಿನ್ನೂ ಹತ್ತೊರ್ಸ ಇದೆ ಬುಡವ್ವ, ಕಾಯಿ ಸುಲಿ" ಎಂದರು. ಮಗಳು ನಕ್ಕು, ಶನಿವಾರ ಪಂದ್ಯವಿದೆ, ಚಡ್ಡಿಯ ಎಲಾಸ್ಟಿಕ್ಕು ಸಡಿಲವಾಗಿದೆ, ಹೊಲಿದುಕೊಡು ಎಂದು ತಂದು ನನ್ನ ಮಡಿಲಲ್ಲಿ ಹಾಕಿದಳು.