ಕೈ ಗಾಳಿಯಲ್ಲಿರುವಾಗ

ಕಳೆದ ಯೂತ್ ಮೀಟಿಂಗ್‌ನಲ್ಲಿ ಒಬ್ಬ ತಮ್ಮ ಕೇಳಿದ: "ಬ್ರದರ್, ತಯಾರಿ ಮಾಡ್ಕೊಂಡು ಹೆಜ್ಜೆ ಇಟ್ರೆ ಅದು ನಂಬಿಕೆನಾ?" ಅವತ್ತು ಏನೋ ಹೇಳಿ, ಪ್ರಾರ್ಥನೆ ಮಾಡಿ ಕಳಿಸಿಬಿಟ್ಟೆ. ಆ ಉತ್ತರ ನನಗೇ ಹಿಡಿಸಿಲ್ಲ. ಇವತ್ತು ನನಗೆ ಗೊತ್ತಿರೋ ಜಾಗದಿಂದ, ಪಿಯಾನೋ ಮುಂದಿನ ಸ್ಟೂಲಿನಿಂದ, ಇನ್ನೊಂದು ಸಲ ಪ್ರಯತ್ನ ಮಾಡ್ತೀನಿ. ವರ್ಷಿಪ್ ಟೀಮಿನವರು ನಗಬೇಡಿ.

ರಾಬರ್ಟ್ ಶೂಮನ್ ಬರೆದ ಫ್ಯಾಂಟಸಿ ಅಂತ ಒಂದು ಕೃತಿ ಇದೆ, ಓಪಸ್ 17. 1839ರಲ್ಲಿ ಪ್ರಕಟವಾಯ್ತು. ಅದರ ಎರಡನೇ ಭಾಗದ ಕೊನೆಗೆ ಬಂದರೆ ಪಿಯಾನಿಸ್ಟ್‌ಗಳ ಕೈ ಬೆವರುತ್ತೆ. ಎರಡು ಕೈಗಳೂ ಒಂದೇ ಕ್ಷಣದಲ್ಲಿ ವಿರುದ್ಧ ದಿಕ್ಕಿಗೆ ಹಾರಬೇಕು, ಅದೂ ವೇಗವಾಗಿ, ಮತ್ತೆ ಮತ್ತೆ. ಪಿಯಾನೋದಲ್ಲಿ ಒಂದು ಆಕ್ಟೇವ್ ಅಂದ್ರೆ ಸುಮಾರು 16.5 ಸೆಂಟಿಮೀಟರ್, ಇಲ್ಲಿನ ಜಿಗಿತಗಳು ಅದನ್ನೂ ದಾಟುತ್ತವೆ. ಕಣ್ಣು ಎರಡಿದ್ದರೂ ನೋಟ ಒಂದೇ. ಬಲಗೈ ನೋಡಿದರೆ ಎಡಗೈ ಕತ್ತಲಲ್ಲಿ.

ನಾನು ಮೊದಲು ಏನ್ ಮಾಡ್ತಿದ್ದೆ ಗೊತ್ತಾ? ಮನಸ್ಸಲ್ಲೇ "ಕರ್ತನೇ" ಅಂದು ಕೈ ಎಸೆದುಬಿಡ್ತಿದ್ದೆ. ಸರಿಯಾಗಿ ಬಿದ್ದರೆ ಅಭಿಷೇಕ ಅಂತಿದ್ದೆ. ತಪ್ಪಿದರೆ ಪಿಯಾನೋ ಹಳೇದು ಅಂತಿದ್ದೆ.

ಕಲಿಸಿದವರು ಬಿಡಲಿಲ್ಲ. ಹೊರಡುವ ಸ್ವರ ನುಡಿಸು, ಕೈಯನ್ನು ಥಟ್ಟನೆ ಸರಿಸು, ಮುಂದಿನ ಕೀಗಳ ಮೇಲೆ ಸದ್ದಿಲ್ಲದೆ ನಿಲ್ಲು. ಬೆರಳು ಸರಿಯಾದ ಜಾಗದಲ್ಲಿದೆಯಾ ನೋಡು, ಆಮೇಲೆ ಒತ್ತು. ಮೊದಲು ಒಂದೊಂದೇ ಕೈ. ನಿಧಾನ ಅಂದ್ರೆ ಕೈ ಆಮೆಯ ಹಾಗೆ ಹೋಗೋದಲ್ಲ. ಜಿಗಿತ ಚುರುಕಾಗೇ ಇರಬೇಕು, ಕಾಯೋದು ಮಾತ್ರ ದೀರ್ಘ. ದಿನ ಕಳೆದಂತೆ ಆ ಕಾಯುವಿಕೆಯನ್ನ ಕಡಿಮೆ ಮಾಡ್ತಾ ಬರಬೇಕು. ಕೈಯನ್ನ ತುಂಬಾ ಮೇಲೆತ್ತಬಾರದು, ದಾರಿ ಸುಮ್ಮನೆ ಉದ್ದವಾಗುತ್ತೆ. ನೋಡದ ಕೈಗೆ ಕಪ್ಪು ಕೀಗಳೇ ಗುರುತು, ಎರಡರ ಗುಂಪು, ಮೂರರ ಗುಂಪು. ಕರೆಂಟ್ ಹೋದಾಗ ಗೋಡೆ ಸವರಿಕೊಂಡು ಅಡುಗೆಮನೆಗೆ ಹೋಗ್ತೀವಲ್ಲ, ಹಾಗೆ.

ತಿಂಗಳುಗಟ್ಟಲೆ ಹೀಗೆ ಮಾಡಿದ ಮೇಲೆ ಭಯ ಹೋಗುತ್ತಾ? ಇಲ್ಲ. ನುಡಿಸುವ ದಿನ ಎಡಗೈ ಗಾಳಿಯಲ್ಲಿರುವಾಗ ಕೆಳಗೆ ಏನೂ ಇರಲ್ಲ. ಅಲ್ಲಿ ನಂಬಲೇಬೇಕು. ತಮ್ಮಾ, ತಯಾರಿ ನಂಬಿಕೆಯ ಜಾಗವನ್ನ ಕಿತ್ತುಕೊಳ್ಳಲಿಲ್ಲ. ನಾನು ಕಿತ್ತುಕೊಂಡಿದ್ದು ನನ್ನ ಸೋಮಾರಿತನದ ಜಾಗವನ್ನ.

ದೇವಾಲಯದ ಶಿಖರದಲ್ಲಿ ಸೈತಾನ ಯೇಸುವಿಗೆ ಹೇಳಿದ್ದೂ ಜಿಗಿ ಅಂತಲೇ. ವಚನ ಸಮೇತ ಹೇಳಿದ. ಕರ್ತನು ಜಿಗಿಯಲಿಲ್ಲ. ಪೇತ್ರ ದೋಣಿಯಿಂದ ಇಳಿದ, ನಿಜ. ಆದರೆ ಮೊದಲು ಕೇಳಿದ, ಕರೆ ಬಂದ ಮೇಲೆ ಕಾಲಿಟ್ಟ. ಎರಡೂ ಹೊರಗಿನಿಂದ ನೋಡಿದರೆ ಧೈರ್ಯದ ಹಾಗೇ ಕಾಣುತ್ತೆ.

ಇದನ್ನ ಯಾಕೆ ಇಷ್ಟು ಒತ್ತಿ ಹೇಳ್ತಿದ್ದೀನಿ ಅಂದ್ರೆ, ಮೂರು ವರ್ಷದ ಹಿಂದೆ ಒಬ್ಬ ಹುಡುಗ ಕೆಲಸ ಬಿಡಲಾ ಅಂತ ನನ್ನ ಹತ್ತಿರ ಬಂದಿದ್ದ. ಸೇವೆಗೆ ಬರಬೇಕು ಅಂತ ಆಸೆ. "ನಂಬಿಕೆಯಿಂದ ಹಾರು" ಅಂದೆ. ಬಾಡಿಗೆ ಎಷ್ಟು, ಲೋನ್ ಇದೆಯಾ, ಅಮ್ಮನ ಔಷಧಿಗೆ ಯಾರು ಕೊಡ್ತಾರೆ, ಒಂದನ್ನೂ ಕೇಳಲಿಲ್ಲ. ನನ್ನ ಮಾತಿಗೆ ಅವತ್ತು ಎಲ್ಲರೂ ಆಮೆನ್ ಅಂದ್ರು. ಹಾರಿದ್ದು ಅವನು, ಬಿದ್ದಿದ್ದೂ ಅವನೇ. ಈಗ ಸಭೆಗೆ ಬರಲ್ಲ. ನಾನು ಅವನ ಅಪನಂಬಿಕೆ ಅಂತ ಸುಲಭವಾಗಿ ಹೇಳಿಕೊಂಡು ಓಡಾಡಿದೆ. ಅದೇ ಹಳೇ ಪಿಯಾನೋ ಕಥೆ.

ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಇವತ್ತು ಆರಾಧನೆ ಮುಗಿದ ಮೇಲೆ ಅವರ ಮನೆಗೆ ಹೋಗ್ತಿದ್ದೀನಿ. ಏನು ಹೇಳಬೇಕು ಅಂತ ಬರೆದಿಟ್ಟುಕೊಂಡಿದ್ದೀನಿ, ನಾಲ್ಕು ಸಲ ಓದಿದ್ದೀನಿ. ಬಾಗಿಲು ತೆಗೀತಾನೋ ಇಲ್ವೋ, ಗೊತ್ತಿಲ್ಲ. ಪ್ರಾರ್ಥನೆ ಮಾಡಿ.