ಓದಲು ಬಂದವರ ಸಾಲ

ಇಪ್ಪತ್ತು ವರ್ಷಗಳ ಹಿಂದೆ ಹುಮನಾಬಾದಿನ ಬಸ್ ನಿಲ್ದಾಣದ ಹತ್ತಿರ ಒಂದು ಕಂಪ್ಯೂಟರ್ ಅಂಗಡಿ ಇತ್ತು. ಗಂಟೆಯ ಲೆಕ್ಕದಲ್ಲಿ ಹಣ ಕೊಟ್ಟು ನಾವು ಅಲ್ಲಿ ಅಂತರ್ಜಾಲದ ಕನ್ನಡ ಪುಟಗಳನ್ನು ಓದುತ್ತಿದ್ದೆವು. ಎಷ್ಟೋ ಸಲ ತೆರೆಯ ಮೇಲೆ ಕನ್ನಡವೇ ಮೂಡುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆಯ ಮೇಲೆ ಗೆರೆಗಳು, ನಡುನಡುವೆ ಪೌಂಡ್ ಹಣದ ಚಿಹ್ನೆ. ಅಂಗಡಿಯ ಹುಡುಗ ಬಂದು ನೋಡಿ, "ಫಾಂಟ್ ಇಲ್ಲ ಸರ್ರ, ಹಾಕ್ತೀನಿ ತಡೀರಿ" ಎನ್ನುತ್ತಿದ್ದ. ಅವನು ಏನೋ ಇಳಿಸಿ, ಏನೋ ಒತ್ತಿದ ಮೇಲೆ ಆ ಕಸದೊಳಗಿಂದ ಕನ್ನಡ ಎದ್ದು ಬರುತ್ತಿತ್ತು.

ಡಾ. ಯು.ಬಿ. ಪವನಜ ಅವರ 'ವಿಶ್ವ ಕನ್ನಡ' ಅಂತರ್ಜಾಲಕ್ಕೆ ಬಂದದ್ದು 1996ರಲ್ಲಿ. ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೇ ಸಂಕೇತ ಕೊಡುವ ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದರೆ ಮನೆಯ, ಅಂಗಡಿಯ ಕಂಪ್ಯೂಟರುಗಳಿಗೆ ಅದನ್ನು ತೋರಿಸಲು ಬರುತ್ತಿರಲಿಲ್ಲ. ವಿಂಡೋಸ್ ಎಕ್ಸ್‌ಪಿ ಬಂದದ್ದು 2001ರಲ್ಲಿ. ಅಲ್ಲಿಯವರೆಗೆ, ಆಮೇಲೂ ಕೆಲವು ವರ್ಷ, ಸಹಾಯಕರ ಮೂಲಕವೇ ಓದಬೇಕಿತ್ತು. ಬ್ರೌಸರ್‌ಗೆ ತಾನಾಗಿ ಬಾರದ ವಿದ್ಯೆಯನ್ನು ಹೊರಗಿನಿಂದ ಸೇರಿಸುವ ಇಂಥ ಸಹಾಯಕನಿಗೆ ಪ್ಲಗ್-ಇನ್ ಎನ್ನುತ್ತಾರೆ. ಪುಟದ ಜೊತೆಗೇ ಅಕ್ಷರಗಳನ್ನು ಹೊತ್ತು ತರುವ ಡೈನಾಮಿಕ್ ಫಾಂಟ್ ಇದರ ಸೋದರ. ನೆಟ್‌ಸ್ಕೇಪ್‌ನದು ಒಂದು ಬಗೆ, ಮೈಕ್ರೋಸಾಫ್ಟ್‌ನದು ಇನ್ನೊಂದು. 2000ದಲ್ಲಿ ಬಂದ ನೆಟ್‌ಸ್ಕೇಪ್ 6 ತನ್ನದನ್ನು ಕೈಬಿಟ್ಟಿತು. ಮೈಕ್ರೋಸಾಫ್ಟ್‌ನ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 2022ರ ಜೂನ್ 15ರಂದು ನಿವೃತ್ತಿಯಾಯಿತು.

ಸಹಾಯಕರಲ್ಲಿ ದೊಡ್ಡ ಹೆಸರು ಫ್ಲ್ಯಾಶ್‌ನದು. ಮಕ್ಕಳ ಆಟ, ಪಾಠ, ಓಡುವ ಚಿತ್ರ ಎಲ್ಲವೂ ಅದರ ಮೇಲೆ ನಿಂತಿದ್ದವು. ಆದರೆ ಅದು ಮನೆಯ ಬೀಗದ ಕೈ ಪಡೆದ ಆಳಿನಂತೆ. ಅದರ ತೂತುಗಳಿಂದ ಕಳ್ಳರು ಪದೇ ಪದೇ ಒಳನುಗ್ಗಿದರು. ಅದು ಮಾಡುತ್ತಿದ್ದ ಕೆಲಸವನ್ನು ಬ್ರೌಸರ್‌ಗಳು ತಾವೇ ಕಲಿತವು. ಕ್ರೋಮ್ 2015ರಲ್ಲಿ, ಫೈರ್‌ಫಾಕ್ಸ್ 2017ರಲ್ಲಿ ಹಳೆಯ ಮಾದರಿಯ ಬಹುತೇಕ ಪ್ಲಗ್-ಇನ್‌ಗಳಿಗೆ ಬಾಗಿಲು ಮುಚ್ಚಿದವು. ಫ್ಲ್ಯಾಶ್ ತಯಾರಿಸುವ ಅಡೋಬಿ ಕಂಪನಿ 2017ರ ಜುಲೈಯಲ್ಲಿ ಮುನ್ಸೂಚನೆ ಕೊಟ್ಟು, 2020ರ ಡಿಸೆಂಬರ್ 31ಕ್ಕೆ ಬೆಂಬಲ ನಿಲ್ಲಿಸಿತು.

ಇದರಲ್ಲಿ ಅನ್ಯಾಯವೇನಿದೆ? ಮುರುಕು ಬಾಗಿಲನ್ನು ಮುಚ್ಚುವುದು ಮನೆಯವರ ಧರ್ಮ. ಮೂರೂವರೆ ವರ್ಷ ಮೊದಲೇ ಹೇಳಿ ಮುಚ್ಚಿದವರನ್ನು ದೂರುವುದು ಸರಿಯಲ್ಲ. ಆದರೂ ಒಳಗೆ ಉಳಿದವರು ಇದ್ದೇ ಇರುತ್ತಾರೆ. ದಕ್ಷಿಣ ಆಫ್ರಿಕಾದ ತೆರಿಗೆ ಇಲಾಖೆಯ ಕೆಲವು ನಮೂನೆಗಳು ಫ್ಲ್ಯಾಶ್‌ನಲ್ಲೇ ಉಳಿದಿದ್ದವು. 2021ರ ಜನವರಿಯಲ್ಲಿ ಆ ಇಲಾಖೆ ಅವುಗಳಿಗಾಗಿಯೇ ತನ್ನದೊಂದು ಬ್ರೌಸರ್ ಹೊರತರಬೇಕಾಯಿತು. ಸರಕಾರಕ್ಕೆ ಆ ಶಕ್ತಿ ಇತ್ತು. ಶಕ್ತಿ ಇಲ್ಲದವರು ಏನು ಮಾಡಬೇಕು? ಮುಚ್ಚುವುದು ನ್ಯಾಯವೇ ಆಗಿದ್ದರೂ, ಒಳಗೆ ಉಳಿದದ್ದರ ಹೊಣೆ ಯಾರದು?

ಈ ಪ್ರಶ್ನೆ ನಮ್ಮ ಊರಿಗೆ ಹೊಸದಲ್ಲ. 1948ರವರೆಗೆ ಬೀದರ್ ಜಿಲ್ಲೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕಚೇರಿ, ಕೋರ್ಟು ಉರ್ದುವಿನಲ್ಲಿ ನಡೆಯುತ್ತಿದ್ದವು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು, ಕಚೇರಿಗೆ ಕನ್ನಡ ಬಂತು. ಆ ಬದಲಾವಣೆ ನ್ಯಾಯವಾದದ್ದೇ. ತನ್ನ ಹೊಲದ ಕಾಗದವನ್ನು ತಾನು ಓದಲಾಗದೆ ಗುಮಾಸ್ತನ ಮುಖ ನೋಡುತ್ತಿದ್ದ ಕನ್ನಡ ರೈತನಿಗೆ ಅದು ಬಿಡುಗಡೆ. ಉರ್ದು ಶಾಲೆಯಲ್ಲಿ ಕಲಿತ ನಾವು ಇದನ್ನು ಒಪ್ಪದಿದ್ದರೆ ಅಪ್ರಾಮಾಣಿಕರಾಗುತ್ತೇವೆ. ಆದರೆ ಹಳೆಯ ಕಾಗದಗಳು ಟ್ರಂಕಿನೊಳಗೆ ಉಳಿದವು. ವರ್ಷ ಕಳೆದಂತೆ ಅವನ್ನು ಓದುವ ಕಣ್ಣುಗಳು ಕಡಿಮೆಯಾದವು.

ಉರ್ದು, ಕನ್ನಡ ಎರಡೂ ಬರುತ್ತದೆಂದು ಜನ ನಮ್ಮ ಬಳಿ ಅಂಥ ಕಾಗದ ತರುತ್ತಿದ್ದರು. ಒಮ್ಮೆ ನೆರೆಯ ಓಣಿಯ ಅಜ್ಜಿಯೊಬ್ಬರು ಬಂದು, "ತಮ್ಮಾ, ಇದ್ರಾಗ ಏನ್ ಬರ್ದಾರ, ಜರಾ ಓದಿ ಹೇಳು" ಎಂದರು. ಅದು ಶಿಕಸ್ತಾ, ಅಂದರೆ ಗುಮಾಸ್ತರ ಅವಸರದ ಮುರಿದ ಬರಹ. ಚುಕ್ಕೆಗಳೇ ಇಲ್ಲ, ಒಂದು ಪದದ ಬಾಲ ಇನ್ನೊಂದರ ಕೊರಳಿಗೆ. ಅಚ್ಚಿನ ಉರ್ದು ಓದುವ ನಮಗೆ ಅದು ದಕ್ಕಲಿಲ್ಲ. ದೊಡ್ಡಪ್ಪನವರಲ್ಲಿಗೆ ಕರೆದೊಯ್ದೆವು. ಅವರು ಕನ್ನಡಕ ಏರಿಸಿ ಸರಾಗವಾಗಿ ಓದಿದರು: ಹೊಲದ ನಾಲ್ಕು ದಿಕ್ಕಿನ ಗಡಿ, ಬಾವಿಯ ನೀರಿನಲ್ಲಿ ಆ ಮನೆಗೆ ಇಂತಿಷ್ಟು ದಿನದ ಸರದಿ. ಅಜ್ಜಿ ಸಮಾಧಾನದಿಂದ ಕಾಗದ ಮಡಚಿಕೊಂಡು ಹೋದರು. ಚಹಾ ಕುಡಿದೆವು. ಒಂದು ಸಾಲನ್ನೂ ಯಾರೂ ಬರೆದಿಡಲಿಲ್ಲ.

ಕೆಲವು ವರ್ಷಗಳಲ್ಲಿ ಅಜ್ಜಿ ಹೋದರು, ದೊಡ್ಡಪ್ಪನವರೂ ಹೋದರು. ಆಮೇಲೆ ಅಜ್ಜಿಯ ಮೊಮ್ಮಗ ಅದೇ ಕಾಗದ ಹಿಡಿದು ಬಂದ. ಅಣ್ಣತಮ್ಮಂದಿರಲ್ಲಿ ನೀರಿನ ಜಗಳ. ನೀರಿನ ಮಾತು ಅದರಲ್ಲಿದೆ ಎಂಬುದು ನಮಗೆ ನೆನಪಿತ್ತು; ಎಷ್ಟು ದಿನ ಎಂಬುದು ನೆನಪಿರಲಿಲ್ಲ. ಕಾಗದ ಹರಿದಿರಲಿಲ್ಲ, ಶಾಯಿ ಮಾಸಿರಲಿಲ್ಲ. ಓದುವವರು ಮಾತ್ರ ಇರಲಿಲ್ಲ.

ಅದೇ ಸುಮಾರಿಗೆ ನಮ್ಮ ಹಳೆಯ ಸಿಡಿಯೊಂದರಲ್ಲಿ 2003ರ ಒಂದು ಕಥೆ ಸಿಕ್ಕಿತು. ತೆರೆದರೆ ಮತ್ತೆ ಅದೇ ಪೌಂಡ್ ಚಿಹ್ನೆಗಳ ಕಸ. ಪರಿಚಯದ ಹುಡುಗನೊಬ್ಬ ಅದನ್ನು ನಿಮಿಷದಲ್ಲಿ ಯುನಿಕೋಡ್‌ಗೆ ತಿರುಗಿಸಿಕೊಟ್ಟ. ಯಾವ ಚಿಹ್ನೆ ಯಾವ ಅಕ್ಷರ ಎಂದು ಯಾರೋ ಕುಳಿತು ಪಟ್ಟಿ ಮಾಡಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದರಿಂದ ಅದು ಸಾಧ್ಯವಾಯಿತು. ಫ್ಲ್ಯಾಶ್‌ಗೂ ಅಂಥವರು ಸಿಕ್ಕಿದರು. ರಫಲ್ ಎಂಬ ಮುಕ್ತ ತಂತ್ರಾಂಶದಿಂದ ಎಷ್ಟೋ ಹಳೆಯ ಆಟಗಳು ಇಂದೂ ಆಡುತ್ತವೆ. ನಮ್ಮ ಸಾಧಾರಣ ಕಥೆ ಉಳಿಯಿತು. ಒಂದು ಮನೆಯ ನೀರಿನ ಹಕ್ಕು ಉಳಿಯಲಿಲ್ಲ.

ಎರಡು ಭಾಷೆ ಬಲ್ಲವರೂ ಒಂದು ಬಗೆಯ ಪ್ಲಗ್-ಇನ್ನೇ. ನಮ್ಮ ಮೂಲಕ ಇನ್ನೊಬ್ಬರು ಕಾಣುತ್ತಾರೆ. ನಿಜ ಹೇಳಬೇಕೆಂದರೆ, ಆ ಸ್ಥಾನ ನಮಗೆ ಹಿತವಾಗಿತ್ತು. ಕಾಗದ ಹಿಡಿದು ಜನ ಬಾಗಿಲಿಗೆ ಬರುವುದರಲ್ಲಿ ಒಂದು ಸಣ್ಣ ಹೆಮ್ಮೆ ಇರುತ್ತದೆ. ಬರೆದುಕೊಟ್ಟರೆ ಅವರು ಮತ್ತೆ ಬರಬೇಕಾಗಿಲ್ಲವಲ್ಲ! ಓದುವ ವಿದ್ಯೆ ನಮ್ಮಲ್ಲಿ ಇಟ್ಟ ಅಮಾನತ್ತು. ನಾವು ಅದನ್ನು ಸ್ವಂತ ಆಸ್ತಿಯಂತೆ ಬಳಸಿದೆವು.

ಪಕ್ಕದ ಬಸವಕಲ್ಯಾಣದ ಹೆಸರು ಹೇಳಿದರೆ ವಚನಗಳು ನೆನಪಾಗುತ್ತವೆ. ಅವೂ ತಾಳೆಗರಿಗಳಲ್ಲಿ, ಮಠ ಮನೆಗಳ ಮೂಲೆಗಳಲ್ಲಿ ಮಲಗಿದ್ದವು. ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರು ಅವನ್ನು ಹುಡುಕಿ, ಓದಿ, ಅಚ್ಚಿಗೆ ತಂದರು. 'ವಚನಶಾಸ್ತ್ರಸಾರ'ದ ಮೊದಲ ಭಾಗ ಬಂದದ್ದು 1923ರಲ್ಲಿ. ಅವರು ತಾವೊಬ್ಬರೇ ಓದಿ ಆನಂದಪಟ್ಟು ಸುಮ್ಮನಿದ್ದರೆ ನಮ್ಮ ಪಾಲಿಗೆ ಏನು ಉಳಿಯುತ್ತಿತ್ತು?

ಬಾಗಿಲು ಮುಚ್ಚುವವರ ಹೊಣೆ ಮುನ್ಸೂಚನೆ ಕೊಡುವಲ್ಲಿಗೆ ಮುಗಿಯಬಹುದು. ಎರಡೂ ಕಡೆ ಓದಲು ಬಂದವರ ಹೊಣೆ ಅಲ್ಲಿಂದ ಶುರುವಾಗುತ್ತದೆ. ಈಗ ಯಾರಾದರೂ ಕಾಗದ ತಂದರೆ ನಾವು ಓದಿ ಹೇಳುವುದಿಲ್ಲ; ಕನ್ನಡದಲ್ಲಿ ಬರೆದು ಕೊಡುತ್ತೇವೆ. ತಿಳಿಯದ ಪದದ ಜಾಗದಲ್ಲಿ ಗೆರೆ ಎಳೆದು ಬಿಡುತ್ತೇವೆ. ಆ ಮೊಮ್ಮಗನಿಗೂ ಬರೆದುಕೊಟ್ಟೆವು. ಅದರಲ್ಲಿ ಪದಗಳಿಗಿಂತ ಗೆರೆಗಳೇ ಹೆಚ್ಚು. ನಿಮ್ಮ ಮನೆಯಲ್ಲಿ ಹಳೆಯ ಬರಹ ಓದಬಲ್ಲ ಹಿರಿಯರಿದ್ದರೆ, ಈ ವಾರವೇ ಒಂದು ನೋಟ್‌ಬುಕ್ ಹಿಡಿದು ಅವರ ಪಕ್ಕದಲ್ಲಿ ಕುಳಿತುಕೊಳ್ಳಿ.