ಬೀಳುವಾಗಿನ ವಿವೇಕ

ಮಹಾಭಾರತದಲ್ಲಿ ಬರುವ ಶಾಪಗಳಲ್ಲೆಲ್ಲ ಅತ್ಯಂತ ಕ್ರೂರವಾದುದು ಯಾವುದೆಂದು ಯಾರಾದರೂ ಕೇಳಿದರೆ, ಪರಶುರಾಮನು ಕರ್ಣನಿಗೆ ಕೊಟ್ಟ ಶಾಪವೆಂದು ನಾನು ಹೇಳುತ್ತೇನೆ. ಗುರುವು ಶಿಷ್ಯನಿಂದ ವಿದ್ಯೆಯನ್ನು ಕಿತ್ತುಕೊಳ್ಳಲಿಲ್ಲ. ಅದನ್ನು ಅವನಲ್ಲಿಯೇ ಇರಗೊಟ್ಟು, ಪ್ರಾಣಕ್ಕೆ ಬಂದ ಹೊತ್ತಿನಲ್ಲಿ ಮಾತ್ರ ಅದು ನೆನಪಿಗೆ ಬಾರದಿರಲಿ ಎಂದನು. ಉಳಿದ ದಿನಗಳಲ್ಲೆಲ್ಲ ಕರ್ಣನು ಮಹಾ ಧನುರ್ಧರನೇ. ಒಂದೇ ಒಂದು ಗಳಿಗೆಯಲ್ಲಿ ಏನೂ ಅರಿಯದವನು. ಆ ಒಂದು ಗಳಿಗೆಗಾಗಿಯೇ ಅಲ್ಲವೆ ಅವನು ಅಷ್ಟೆಲ್ಲ ಕಲಿತದ್ದು!

ಈಚೆಗೆ ವಿಮಾನಚಾಲಕರ ಶಿಕ್ಷಣವನ್ನು ಕುರಿತ ಕೆಲವು ಬರಹಗಳನ್ನೂ ಅಪಘಾತಗಳ ತನಿಖೆಯ ವರದಿಗಳನ್ನೂ ಓದುತ್ತಿದ್ದಾಗ ಈ ಶಾಪವು ಮತ್ತೆ ಮತ್ತೆ ನೆನಪಿಗೆ ಬಂದಿತು. ಕನ್ನಡದ ಮೇಷ್ಟರಿಗೆ ವಿಮಾನದ ಗೊಡವೆ ಏಕೆಂದು ವಾಚಕರು ಕೇಳಬಹುದು. ವಿಷಯವು ಯಂತ್ರದ್ದಾಗಿ ತೋರಿದರೂ ಅದರ ತಿರುಳು ಮನುಷ್ಯನಿಗೆ ಸೇರಿದುದು. ಗಾಬರಿಯ ಗಳಿಗೆಯಲ್ಲಿ ಮನುಷ್ಯನು ಸರಿಯಾದುದನ್ನು ಮಾಡುವಂತೆ ಮೊದಲೇ ಕಲಿಸಲು ಸಾಧ್ಯವೇ? ಕಲಿಸದಿದ್ದಾಗ ಅವನು ಮಾಡಿದ ತಪ್ಪಿಗೆ ಅವನನ್ನು ದೂರಬಹುದೇ? ಪ್ರಶ್ನೆಗಳು ಹಳೆಯವು. ಅವು ಏಳುವ ಜಾಗ ಮಾತ್ರ ಹೊಸದು.

ಪ್ರಯಾಣಿಕರ ವಿಮಾನದ ಮೂಗು 25 ಡಿಗ್ರಿಗಿಂತ ಹೆಚ್ಚು ಮೇಲೆದ್ದರೆ, ಇಲ್ಲವೆ 10 ಡಿಗ್ರಿಗಿಂತ ಹೆಚ್ಚು ಕೆಳಕ್ಕೆ ಬಾಗಿದರೆ, ಇಲ್ಲವೆ ರೆಕ್ಕೆಗಳು 45 ಡಿಗ್ರಿಯನ್ನು ಮೀರಿ ವಾಲಿದರೆ, ಅಥವಾ ಆ ಸ್ಥಿತಿಗೆ ತಕ್ಕುದಲ್ಲದ ವೇಗದಲ್ಲಿ ಅದು ಹಾರುತ್ತಿದ್ದರೆ, ಅದನ್ನು ವೈಮಾನಿಕರು ‘ಅಪ್‌ಸೆಟ್’ ಎನ್ನುತ್ತಾರೆ. ನಮ್ಮ ಮನಸ್ಸು ಕೆಟ್ಟಾಗ ನಾವೂ ಬಳಸುವ ಮಾತೇ ಇದು. ಇಂಥ ಸ್ಥಿತಿಗೆ ಸಿಕ್ಕದಂತೆ ಇರುವುದು ಹೇಗೆ, ಸಿಕ್ಕಿದರೆ ಹೊರಬರುವುದು ಹೇಗೆ ಎಂಬುದನ್ನು ಕಲಿಸುವುದೇ ಆ ತರಬೇತಿ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ಇದಕ್ಕಾಗಿ ಒಂದು ಕೈಪಿಡಿಯನ್ನು 2014ರಲ್ಲಿ ಹೊರತಂದಿತು. ವಿಮಾನಗಳು ಹುಟ್ಟಿ ನೂರು ವರ್ಷ ಕಳೆದ ಮೇಲೆ ಬೀಳುವಾಗಿನ ವಿವೇಕವನ್ನು ಕುರಿತು ಪಾಠಪುಸ್ತಕ ಬೇಕಾಯಿತೆಂದರೆ ಅದಕ್ಕೆ ಕಾರಣವಿರಬೇಕು.

ಕಾರಣವನ್ನು ತಿಳಿಯಲು ಸ್ವಲ್ಪ ವಿಜ್ಞಾನ ಬೇಕು. ಬಸ್ಸಿನ ಕಿಟಕಿಯ ಪಕ್ಕದಲ್ಲಿ ಕುಳಿತವರಿಗೆಲ್ಲ ತಿಳಿದಿರುವಷ್ಟು ಸಾಕು. ಓಡುವ ಬಸ್ಸಿನಿಂದ ಅಂಗೈಯನ್ನು ಹೊರಗೆ ಚಾಚಿ ತುಸುವೇ ಓರೆ ಮಾಡಿದರೆ ಗಾಳಿಯು ಕೈಯನ್ನು ಮೇಲಕ್ಕೆತ್ತುತ್ತದೆ. ಇನ್ನಷ್ಟು ಮೇಲೇರಲೆಂದು ಅಂಗೈಯನ್ನು ತೀರ ಎತ್ತಿ ಹಿಡಿದರೆ ಎತ್ತುವ ಬಲ ಮಾಯವಾಗಿ ಗಾಳಿಯು ಕೈಯನ್ನು ಬರಿದೇ ಹಿಂದಕ್ಕೆ ನೂಕುತ್ತದೆ. ವಿಮಾನದ ರೆಕ್ಕೆಯ ಕಥೆಯೂ ಇಷ್ಟೆ. ಅದು ಗಾಳಿಯನ್ನು ಎದುರಿಸುವ ಓರೆಯು ಒಂದು ಮಿತಿಯನ್ನು ಮೀರಿದರೆ ಗಾಳಿಯ ಹರಿವು ಹರಿದುಹೋಗಿ, ಎಂಜಿನ್ನುಗಳು ಪೂರ್ತಿ ಓಡುತ್ತಿದ್ದರೂ, ವಿಮಾನ ಕೆಳಗಿಳಿಯತೊಡಗುತ್ತದೆ. ಇದನ್ನು ‘ಸ್ಟಾಲ್’ ಎನ್ನುತ್ತಾರೆ. ಇದಕ್ಕೆ ಮದ್ದು ಒಂದೇ: ಮೂಗನ್ನು ಕೆಳಕ್ಕೆ ತಗ್ಗಿಸಬೇಕು. ಬೀಳುತ್ತಿರುವವನು ಇನ್ನೂ ಕೆಳಗೆ ನೋಡಬೇಕು. ಎತ್ತರವನ್ನು ಬಿಟ್ಟುಕೊಟ್ಟರೆ ರೆಕ್ಕೆಗೆ ಮತ್ತೆ ಗಾಳಿ ಸಿಕ್ಕುತ್ತದೆ, ವೇಗ ಬರುತ್ತದೆ. ಆಮೇಲೆ ಏರುವುದು ಇದ್ದೇ ಇದೆ. ಕಾಗದದ ಮೇಲೆ ಇದಕ್ಕಿಂತ ಸುಲಭವಾದ ಪಾಠವಿಲ್ಲ.

2009ರ ಜೂನ್ 1ರಂದು ಏರ್ ಫ್ರಾನ್ಸ್ ಸಂಸ್ಥೆಯ ಏರ್‌ಬಸ್ ವಿಮಾನವೊಂದು 228 ಜನರನ್ನು ಹೊತ್ತು ರಿಯೊ ಡಿ ಜನೈರೊದಿಂದ ಪ್ಯಾರಿಸಿಗೆ ಹೋಗುತ್ತಿತ್ತು. ನಡುರಾತ್ರಿ ಕಳೆದಿತ್ತು, ಅಟ್ಲಾಂಟಿಕ್ ಸಾಗರದ ಮೇಲೆ 35,000 ಅಡಿ ಎತ್ತರ. ಮುಖ್ಯ ಚಾಲಕರು ಸ್ವಲ್ಪ ಹೊತ್ತಿನ ಮುಂಚೆ ವಿಶ್ರಾಂತಿಗೆ ಹೋಗಿದ್ದರು. ಗಾಳಿಯ ಒತ್ತಡದಿಂದ ವೇಗವನ್ನು ತಿಳಿಸುವ ಪಿಟೋ ಎಂಬ ಕೊಳವೆಗಳಿಗೆ ಹಿಮದ ಹರಳು ಕಟ್ಟಿತು. ವೇಗದ ಅಂಕಿಗಳು ಕೆಟ್ಟವು. ತಾನೇ ವಿಮಾನವನ್ನು ನಡೆಸುತ್ತಿದ್ದ ಆಟೋಪೈಲಟ್, ಇನ್ನು ನೀವೇ ನೋಡಿಕೊಳ್ಳಿ ಎಂಬಂತೆ ಕಳಚಿಕೊಂಡಿತು. ಆಗ ಏನನ್ನೂ ಮಾಡದೆ ವಿಮಾನವನ್ನು ಇದ್ದ ಭಂಗಿಯಲ್ಲಿಯೇ ಹಿಡಿದಿದ್ದರೆ ಸಾಕಾಗಿತ್ತು. ಕೊಳವೆಗಳು ಒಂದು ನಿಮಿಷದೊಳಗೆ ತೆರವಾದವು. ಆದರೆ ನಡೆಸುತ್ತಿದ್ದ ಸಹಚಾಲಕರ ಕೈ ಹಿಡಿಯನ್ನು ಹಿಂದಕ್ಕೆಳೆಯಿತು. ಮೂಗು ಮೇಲೆದ್ದಿತು. ವಿಮಾನ ಸುಮಾರು 38,000 ಅಡಿಗೆ ಏರಿ, ವೇಗವನ್ನು ಕಳೆದುಕೊಂಡು, ಸ್ಟಾಲ್ ಆಗಿ ಕೆಳಗಿಳಿಯತೊಡಗಿತು. ಆ ಕೈಯು ಎಳೆಯುತ್ತಲೇ ಇತ್ತು. ಆಟೋಪೈಲಟ್ ಕಳಚಿದ 4 ನಿಮಿಷ 23 ಸೆಕೆಂಡಿಗೆ ಎಲ್ಲವೂ ಮುಗಿಯಿತು. ಯಾರೊಬ್ಬರೂ ಉಳಿಯಲಿಲ್ಲ.

ಧ್ವನಿಮುದ್ರಣದ ಪೆಟ್ಟಿಗೆಯು ಎರಡು ವರ್ಷಗಳ ಮೇಲೆ, 2011ರಲ್ಲಿ, ಸಮುದ್ರದ ತಳದಿಂದ ಸಿಕ್ಕಿತು. ಕೊನೆಯ ನಿಮಿಷದೊಳಗೆ ಆ ಸಹಚಾಲಕರು, ತಾನು ಆಗಿನಿಂದಲೂ ಹಿಡಿಯನ್ನು ಪೂರ್ತಿ ಹಿಂದಕ್ಕೆಳೆದೇ ಇದ್ದೇನಲ್ಲ ಎಂಬರ್ಥದ ಮಾತನ್ನು ಆಡಿದ್ದು ಅದರಲ್ಲಿತ್ತು. ಇದನ್ನು ಓದಿದಾಗ ನನ್ನ ಮೈ ಜುಮ್ಮೆಂದಿತು. ಅದು ನೆಪ ಹೇಳುವವನ ಮಾತಾಗಿರಲಿಲ್ಲ. ತನ್ನ ಶಕ್ತಿಯಿದ್ದಷ್ಟೂ ಒಳ್ಳೆಯದನ್ನೇ ಮಾಡುತ್ತಿದ್ದೇನೆಂದು ನಂಬಿದವನ ಅಚ್ಚರಿಯಾಗಿತ್ತು.

ಗಟ್ಟಿ ನೆಲದ ಮೇಲೆ, ಕಾಫಿಯ ಲೋಟವನ್ನು ಪಕ್ಕದಲ್ಲಿಟ್ಟುಕೊಂಡು ವರದಿಯನ್ನು ಓದುವವನಿಗೆ ‘ಇಷ್ಟೂ ತಿಳಿಯಲಿಲ್ಲವೇ?’ ಎನ್ನಿಸುವುದು ಸಹಜ. ನನಗೂ ಹಾಗೆನ್ನಿಸಿತು. ಆದರೆ ಮುಂದೆ ಓದಿದಂತೆ ಆ ಪ್ರಶ್ನೆ ಕೇಳಲು ನಾಲಗೆ ಏಳಲಿಲ್ಲ. ಸ್ಟಾಲಿನ ಎಚ್ಚರಿಕೆಯ ಧ್ವನಿಯು, ವೇಗದ ಅಂಕಿ ತೀರ ಇಳಿದಾಗ, ಲೆಕ್ಕಕ್ಕೆ ಆಧಾರವಿಲ್ಲವೆಂದು ನಿಂತುಹೋಗುತ್ತಿತ್ತು. ಮೂಗನ್ನು ತುಸು ತಗ್ಗಿಸಿದರೆ ಅಂಕಿ ಮರಳಿ ಎಚ್ಚರಿಕೆ ಮತ್ತೆ ಕೂಗುತ್ತಿತ್ತು. ಎಂದರೆ, ತಪ್ಪು ಮಾಡಿದಾಗ ಮೌನ. ಸರಿಯಾದ ಕಡೆಗೆ ಹೊರಳಿದ ಕೂಡಲೆ ಬೊಬ್ಬೆ. ಕತ್ತಲಲ್ಲಿ ಇಂಥ ಗುರುವಿನ ಕೈಗೆ ಸಿಕ್ಕಿದ ಶಿಷ್ಯನು ಏನು ಕಲಿತಾನು? ಅಷ್ಟು ಎತ್ತರದಲ್ಲಿ ವೇಗದ ಅಂಕಿಗಳು ಕೆಟ್ಟಾಗ ವಿಮಾನವನ್ನು ಕೈಯಿಂದ ನಡೆಸುವ ಅಭ್ಯಾಸವನ್ನು ಆ ಚಾಲಕರಿಗೆ ಕೊಟ್ಟಿರಲಿಲ್ಲವೆಂಬುದನ್ನು 2012ರ ಅಂತಿಮ ವರದಿಯು ಎತ್ತಿ ಹೇಳಿತು. ಕಲಿಸದೆ ಬಿಟ್ಟವರು ಶಾಪ ಕೊಟ್ಟವರಿಗಿಂತ ಕಡಮೆಯವರೇನಲ್ಲ.

ಇನ್ನೊಂದು ಸಂಗತಿಯುಂಟು, ನನ್ನನ್ನು ಹೆಚ್ಚು ಕಾಡಿದ್ದು ಅದು. ಆ ಕಾಲದವರೆಗೂ ಅಭ್ಯಾಸದ ಸಿಮ್ಯುಲೇಟರುಗಳಲ್ಲಿ ಚಾಲಕರನ್ನು ಸ್ಟಾಲಿನ ಹೊಸ್ತಿಲಿನವರೆಗೆ ಮಾತ್ರ ಕರೆದೊಯ್ಯುತ್ತಿದ್ದರು. ಅಲ್ಲಿಂದ ಹಿಂದಿರುಗುವಾಗ ಎತ್ತರವನ್ನು ಎಷ್ಟು ಕಡಮೆ ಕಳೆದುಕೊಂಡರೆ ಅಷ್ಟು ಜಾಣತನ. ಎಂಜಿನ್ನಿನ ಬಲವನ್ನು ಹೆಚ್ಚಿಸಿ, ಎತ್ತರವನ್ನು ಬಿಡದೆ ಪಾರಾಗು ಎಂಬುದೇ ಪಾಠದ ಒತ್ತು. ಪರೀಕ್ಷಕರು ಅಂಕ ಕೊಡುತ್ತಿದ್ದುದೂ ಅದನ್ನು ನೋಡಿಯೇ. ಆಮೇಲೆ ಅಮೆರಿಕದಲ್ಲಿ ಈ ಒತ್ತನ್ನು ಬದಲಾಯಿಸಿದರು: ಮೊದಲು ಮೂಗನ್ನು ತಗ್ಗಿಸು, ಎತ್ತರ ಹೋದರೆ ಹೋಗಲಿ. ಜೀವವನ್ನು ಕಾಯುವ ಪಾಠಶಾಲೆಯೇ ಬಹುಕಾಲ ‘ಎತ್ತರವನ್ನು ಬಿಡಬೇಡ’ ಎಂದು ಕಲಿಸಿತ್ತೆಂದ ಮೇಲೆ, ನಮ್ಮ ನಿಮ್ಮ ಮನೆಗಳ ಪಾಠವನ್ನು ಕುರಿತು ಹೇಳುವುದೇನು? ಬಾಲ್ಯದಿಂದಲೂ ನಾವು ಕಲಿತಿರುವುದು ಅದನ್ನೇ. ಗಳಿಸಿದ ಸ್ಥಾನವನ್ನು ಬಿಡಬೇಡ. ನಾಲ್ಕು ಜನರೆದುರು ತಗ್ಗಬೇಡ. ಆಡಿದ ಮಾತಿಗೆ ಅಂಟಿಕೊ.

ನನ್ನದೇ ಒಂದು ನಿದರ್ಶನ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ತರಗತಿಯಲ್ಲಿ ಹಳಗನ್ನಡದ ಒಂದು ಪದ್ಯವನ್ನು ಪಾಠ ಹೇಳುತ್ತಿದ್ದೆ. ಅನ್ವಯ ಮಾಡುವಾಗ ಕ್ರಿಯಾಪದವನ್ನು ಬೇರೊಬ್ಬನಿಗೆ ಹಚ್ಚಿಬಿಟ್ಟೆ. ಎರಡನೆಯ ಸಾಲಿನ ಹುಡುಗಿಯೊಬ್ಬಳು ಎದ್ದು, “ಸಾರ್, ಅದು ಅವನಿಗಲ್ಲ, ಇವನಿಗೆ ಅನ್ವಯವಾಗಬೇಕಲ್ಲವೆ?” ಎಂದಳು. ಕೇಳಿದ ಕ್ಷಣದಲ್ಲಿಯೇ ನನಗೆ ತಿಳಿಯಿತು, ಅವಳು ಹೇಳಿದ್ದೇ ಸರಿ. ‘ಹೌದಮ್ಮ, ತಪ್ಪಿದೆ’ ಎಂಬ ಎರಡು ಮಾತು ಸಾಕಾಗಿತ್ತು. ನನ್ನೊಳಗಿನ ಕೈಯು ಹಿಡಿಯನ್ನು ಹಿಂದಕ್ಕೆಳೆಯಿತು. ವ್ಯಾಕರಣವನ್ನು ತಂದೆ, ಪ್ರಾಚೀನ ಪ್ರಯೋಗಗಳನ್ನು ತಂದೆ, ಕಡೆಗೆ ನನ್ನ ಸರ್ವೀಸಿನ ವರ್ಷಗಳನ್ನೂ ತಂದೆ. ತರಗತಿ ಸುಮ್ಮನಾಯಿತು. ಅದನ್ನು ನಾನು ಗೆಲುವೆಂದು ತಿಳಿದೆ. ಎಚ್ಚರಿಕೆಯ ಧ್ವನಿ ನಿಂತಿತ್ತು, ಅಷ್ಟೆ. ಮುಂದಿನ ವಾರ ಆ ಹುಡುಗಿ ಹಿಂದಿನ ಬೆಂಚಿಗೆ ಹೋಗಿ ಕುಳಿತಳು. ಮತ್ತೆ ಆ ವರ್ಷ ಅವಳು ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ಬೇರೆ ಯಾರೂ ಕೇಳಲಿಲ್ಲ.

ಹಾಗಾದರೆ ಮದ್ದು ಸುಲಭವಲ್ಲವೇ, ಸರಿಯಾದ ಚಲನೆಯನ್ನು ಕೈಗೆ ಉರುಹೊಡೆಸಿಬಿಟ್ಟರಾಯಿತು ಎನ್ನಬಹುದು. ಅದೂ ಅಷ್ಟು ಸುಲಭವಲ್ಲ. 2001ರ ನವೆಂಬರ್ 12ರಂದು ನ್ಯೂಯಾರ್ಕಿನಿಂದ ಮೇಲೇರಿದ ಅಮೆರಿಕನ್ ಏರ್‌ಲೈನ್ಸ್ ವಿಮಾನವೊಂದು ಮುಂದೆ ಹೋಗಿದ್ದ ದೊಡ್ಡ ವಿಮಾನವು ಎಬ್ಬಿಸಿದ ಗಾಳಿಯ ಸುಳಿಗೆ ಸಿಕ್ಕಿ ಅಲುಗಾಡಿತು. ಸಹಚಾಲಕರು ರಡ್ಡರ್ ಪೆಡಲನ್ನು ಎಡಕ್ಕೂ ಬಲಕ್ಕೂ ಬಲವಾಗಿ ಮತ್ತೆ ಮತ್ತೆ ತುಳಿದರು. ಬಾಲದ ನೆಟ್ಟನೆಯ ರೆಕ್ಕೆಯೇ ಮುರಿದುಬಿದ್ದು, ನೆಲದ ಮೇಲಿದ್ದ 5 ಜನರೂ ಸೇರಿ 265 ಜನರು ಸತ್ತರು. ಅನಗತ್ಯವಾಗಿ, ಮಿತಿಮೀರಿ ರಡ್ಡರನ್ನು ಬಳಸಿದ್ದೇ ಕಾರಣವೆಂದು ಹೇಳಿದ ತನಿಖೆಯು, ಆ ರಡ್ಡರಿನ ರಚನೆಯ ಜೊತೆಗೆ, ಸಂಸ್ಥೆಯು ಕೊಡುತ್ತಿದ್ದ ತರಬೇತಿಯ ಕೆಲವು ಅಂಶಗಳೂ ಇದಕ್ಕೆ ಸಹಾಯಕವಾದವೆಂದಿತು. ಆ ತರಬೇತಿ ಇದ್ದುದು ವಿಮಾನವು ಹಿಡಿತ ತಪ್ಪಿದಾಗ ಏನು ಮಾಡಬೇಕೆಂದು ಕಲಿಸುವುದಕ್ಕೇ! ಒಬ್ಬನು ಕಲಿಯದೆ ಕೆಟ್ಟನು. ಇನ್ನೊಬ್ಬನ ಕೇಡಿನಲ್ಲಿ ಕಲಿತದ್ದಕ್ಕೂ ಪಾಲಿತ್ತು.

ಆದ್ದರಿಂದ ಅಭ್ಯಾಸವೊಂದೇ ಸಾಲದು, ತಿಳಿವೊಂದೇ ಸಾಲದು. ಈಗಿನ ತರಬೇತಿಯು ಇದನ್ನು ಅರಿತಂತೆ ಕಾಣುತ್ತದೆ. ಮೊದಲು ತರಗತಿಯಲ್ಲಿ ಏಕೆ ಹೀಗಾಗುತ್ತದೆಂಬ ವಿವರಣೆ. ಆಮೇಲೆ ಸಿಮ್ಯುಲೇಟರಿನಲ್ಲಿ, ಮುನ್ಸೂಚನೆಯಿಲ್ಲದೆ, ಬೆಚ್ಚಿಬೀಳುವಂತೆ ತಂದೊಡ್ಡುವ ಸನ್ನಿವೇಶ. ಯೂರೋಪಿನಲ್ಲಿ 2019ರ ಡಿಸೆಂಬರಿನಿಂದ, ದೊಡ್ಡ ವಿಮಾನಗಳಿಗೆ ಹೋಗುವ ಹೊಸ ಚಾಲಕರು ನಿಜವಾದ ಸಣ್ಣ ವಿಮಾನದಲ್ಲಿ ಶಿಕ್ಷಕರೊಡನೆ ಕನಿಷ್ಠ 3 ಗಂಟೆ ಇದನ್ನು ಅಭ್ಯಾಸ ಮಾಡಬೇಕೆಂಬ ನಿಯಮ ಬಂದಿತು. ನಿಜವಾದ ವಿಮಾನವೇ ಏಕೆಂದರೆ, ಮೂಗನ್ನು ತಗ್ಗಿಸಿದಾಗ ಮೈ ಹಗುರಾಗಿ ಹೊಟ್ಟೆ ಗಂಟಲಿಗೆ ಬಂದಂತಾಗುವ ಆ ಅನುಭವವನ್ನು ನೆಲದ ಮೇಲಿನ ಯಂತ್ರವು ಪೂರ್ತಿಯಾಗಿ ಕೊಡಲಾರದು. ಸರಿಯಾದುದನ್ನು ಮಾಡುವಾಗ ದೇಹವು ‘ತಪ್ಪು, ತಪ್ಪು’ ಎಂದು ಕೂಗುತ್ತದೆಂಬುದನ್ನು ಮೊದಲೇ ಒಮ್ಮೆ ಅನುಭವಿಸಿರಬೇಕು. ನಾವು ಸೈಕಲ್ ಕಲಿತದ್ದೂ ಹೀಗೆಯೇ. ವಾಲಿದ ಕಡೆಗೇ ಹ್ಯಾಂಡಲ್ ತಿರುಗಿಸು ಎಂದು ಅಣ್ಣ ಹೇಳಿದಾಗ ಯಾರಿಗೆ ನಂಬಿಕೆ ಬಂದಿತ್ತು? ಮೊಣಕಾಲು ತರಚಿದ ಮೇಲೆ ತಾನೆ ಬಂದದ್ದು!

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಹಿಡಿದುದನ್ನು ಬಿಡದಿರುವುದೂ ಒಂದು ಗುಣವಲ್ಲವೇ? ಹರಿಶ್ಚಂದ್ರನ ಕಥೆಯನ್ನು ಕೇಳಿ ಬೆಳೆದವರಿಗೆ ಬಿಟ್ಟುಕೊಡುವ ನೀತಿಯನ್ನು ಹೇಳಬಹುದೇ? ಆ ಕಥೆಯನ್ನು ಇನ್ನೊಮ್ಮೆ ನೋಡೋಣ. ಹರಿಶ್ಚಂದ್ರನು ಬಿಟ್ಟದ್ದು ರಾಜ್ಯವನ್ನು, ಸಿಂಹಾಸನವನ್ನು, ರಾಜನೆಂಬ ಹೆಸರನ್ನು. ಕಡೆಗೆ ಸುಡುಗಾಡು ಕಾಯುವವರೆಗೆ ಇಳಿದನು. ಎತ್ತರವನ್ನೆಲ್ಲ ಬಿಟ್ಟದ್ದರಿಂದಲೇ ಸತ್ಯವನ್ನು ಹಿಡಿದುಕೊಳ್ಳಲು ಅವನಿಗೆ ಕೈ ತೆರವಾಗಿತ್ತು. ನಾವು ಮಾಡುವುದು ಇದಕ್ಕೆ ವಿರುದ್ಧ. ಎತ್ತರವನ್ನು ಹಿಡಿದುಕೊಂಡು, ಅದನ್ನೇ ಸತ್ಯವೆಂದು ಕರೆಯುತ್ತೇವೆ.

ಇನ್ನೊಂದು ಮಾತು. ಬಿಟ್ಟುಕೊಡಬೇಕಾದರೆ ಬಿಟ್ಟುಕೊಡಲು ಎತ್ತರ ಉಳಿದಿರಬೇಕು. ಅಟ್ಲಾಂಟಿಕಿನ ಮೇಲೆ 38,000 ಅಡಿಯಲ್ಲಿ ಮೂಗು ತಗ್ಗಿದ್ದರೆ ಬೇಕಾದಷ್ಟು ಅವಕಾಶವಿತ್ತು. ನೀರು ಹತ್ತಿರವಾದ ಮೇಲೆ ತಿಳಿದರೂ ತಿಳಿದದ್ದಕ್ಕೆ ಫಲವಿಲ್ಲ. ಯುದ್ಧಕಾಲೇ ಶಸ್ತ್ರಾಭ್ಯಾಸ ಎಂಬ ಗಾದೆಯು ಹಾಸ್ಯಕ್ಕೆ ಹುಟ್ಟಿದುದಲ್ಲ. ನಮ್ಮಂಥವರಿಗೆ ಸಿಮ್ಯುಲೇಟರನ್ನು ಯಾರೂ ಕಟ್ಟಿಕೊಟ್ಟಿಲ್ಲ. ದಿನದಿನದ ಸಣ್ಣ ತಪ್ಪುಗಳೇ ನಮ್ಮ ಅಭ್ಯಾಸದ ಯಂತ್ರ. ಹೆಂಡತಿಯೆದುರು, ಮಕ್ಕಳೆದುರು, ಅಂಗಡಿಯವನೆದುರು ‘ನನ್ನದೇ ತಪ್ಪು’ ಎಂದು ಹೇಳಿ, ಹೊಟ್ಟೆ ಹಗುರಾಗುವ ಆ ಅಹಿತವಾದ ಅನುಭವವನ್ನು ಕಡಮೆ ಬೆಲೆಗೆ ರೂಢಿಸಿಕೊಂಡವನಿಗೆ ಮಾತ್ರ, ದೊಡ್ಡ ಬೆಲೆಯ ದಿನ ಬಂದಾಗ, ಕೈ ಸರಿಯಾದ ಕಡೆಗೆ ಹೋದೀತು.

ಈ ವರ್ಷ ಅದೇ ಪದ್ಯ ಮತ್ತೆ ಪಾಠಕ್ಕೆ ಬಂದಿತು. ಅನ್ವಯವನ್ನು ಸರಿಯಾಗಿ ಹೇಳಿ, ಕೆಲವು ವರ್ಷಗಳ ಹಿಂದೆ ಇದೇ ಕೋಣೆಯಲ್ಲಿ ನಾನು ಇದನ್ನು ತಪ್ಪಾಗಿ ಹೇಳಿದ್ದೆನೆಂದೂ, ಒಬ್ಬ ವಿದ್ಯಾರ್ಥಿನಿ ತಿದ್ದಿದಾಗ ಒಪ್ಪಲಿಲ್ಲವೆಂದೂ ಹೇಳಿದೆ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಒಂದಿಬ್ಬರು ನಕ್ಕರು. ನನ್ನ ಹೊಟ್ಟೆ ಗಂಟಲಿಗೆ ಬಂದಂತಾದದ್ದು ನಿಜ. ಆಮೇಲೆ ಕಿಟಕಿಯ ಪಕ್ಕದ ಹುಡುಗನೊಬ್ಬ ಎದ್ದು ಮುಂದಿನ ಸಾಲಿನ ಬಗ್ಗೆ ಒಂದು ಸಂದೇಹವನ್ನು ಕೇಳಿದ. ಉತ್ತರ ಹೇಳುತ್ತ ನನ್ನ ಕಣ್ಣು ತಾನಾಗಿ ಹಿಂದಿನ ಬೆಂಚಿನ ಕಡೆಗೆ ಹೋಯಿತು. ಈ ಮಾತು ಯಾರಿಗೆ ಸಲ್ಲಬೇಕಾಗಿತ್ತೋ ಅವಳು ಆ ಕೋಣೆಯನ್ನು ಬಿಟ್ಟು ಬಹಳ ಕಾಲವಾಗಿದೆ.